ತಾತ 92 ವರ್ಷ ಬದುಕಿದರು, ನನಗೇಕೆ ಮಾತ್ರೆ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನನಗೆ 48 ವರ್ಷ. ಕೊಡಗಿನ ನಾಪೋಕ್ಲು ಹತ್ತಿರ ಸಣ್ಣ ಕಾಫಿ ತೋಟ ಇದೆ. ಕಳೆದ ತಿಂಗಳು ಚೆಕಪ್ ಮಾಡಿಸಿದೆ. ಬಿಪಿ 148/94, ಎಲ್‌ಡಿಎಲ್ ಅನ್ನುವ ಕೆಟ್ಟ ಕೊಲೆಸ್ಟ್ರಾಲ್ 158, ಖಾಲಿ ಹೊಟ್ಟೆಯ ಶುಗರ್ 114. ತೂಕ 84 ಕೆ.ಜಿ., ಸೊಂಟ 99 ಸೆಂ.ಮೀ. ಬಿಪಿಗೆ ಒಂದು, ಕೊಲೆಸ್ಟ್ರಾಲ್‌ಗೆ ಒಂದು ಮಾತ್ರೆ ಬರೆದುಕೊಟ್ಟಿದ್ದಾರೆ. ಶುರು ಮಾಡಿದರೆ ಜೀವನಪೂರ್ತಿ ಬಿಡುವ ಹಾಗಿಲ್ಲ ಅಂತಾರೆ, ಅದಕ್ಕೆ ಇನ್ನೂ ಮುಟ್ಟಿಲ್ಲ. ನನ್ನ ತಾತ ಪಂದಿ ಕರಿ ತಿಂದು, ಸಂಜೆ ಒಂದು ಪೆಗ್ ಹಾಕಿ, ಒಂದೇ ಒಂದು ಮಾತ್ರೆ ನುಂಗದೆ 92 ವರ್ಷ ಬದುಕಿದರು. ಕೊನೆಯವರೆಗೂ ತೋಟಕ್ಕೆ ಹೋಗುತ್ತಿದ್ದರು. ಅಪ್ಪ 53ಕ್ಕೆ ಹಾರ್ಟ್ ಅಟ್ಯಾಕ್‌ನಲ್ಲಿ ಹೋದರು. ಸ್ಟಾಟಿನ್ ಅನ್ನುವ ಈ ಕೊಲೆಸ್ಟ್ರಾಲ್ ಮಾತ್ರೆ ತಿಂದರೆ ಆಯಸ್ಸು ಬರೀ ನಾಲ್ಕು ದಿನ ಹೆಚ್ಚುತ್ತದೆ ಅಂತ ವಾಟ್ಸ್‌ಆ್ಯಪ್‌ನಲ್ಲಿ ಬಂದಿತ್ತು, ನಿಜವಾ? ನಾನು ದಿನಾ ತೋಟ ಸುತ್ತುತ್ತೇನೆ. ಸಿಗರೇಟು ಪಾರ್ಟಿಯಲ್ಲಿ ಮಾತ್ರ. ಊಟ ಸರಿ ಮಾಡಿಕೊಂಡು, ನಮ್ಮ ಕಡೆಯ ಕಾಚಂಪುಳಿ ಹುಳಿ, ಮದ್ದು ಸೊಪ್ಪು ಬಳಸಿ ಮಾತ್ರೆ ಇಲ್ಲದೆ ಇರಬಹುದಾ? ಕಾಫಿ ಬಿಡಬೇಕಾ? ಇನ್ನೊಂದು ವಿಷಯ. ನನ್ನ ಅಣ್ಣನಿಗೆ ಅಟ್ಯಾಕ್ ಆಗಿ ಎಂಟು ತಿಂಗಳ ಹಿಂದೆ ಸ್ಟೆಂಟ್ ಹಾಕಿದರು. ಈಗ ಆರಾಮಾಗಿದ್ದೇನೆ ಅಂತ ಎರಡು ವಾರದಿಂದ ಎಲ್ಲ ಮಾತ್ರೆ ಬಿಟ್ಟು ಬರೀ ವಾಕಿಂಗ್ ಮಾಡುತ್ತಿದ್ದಾನೆ.

ಉತ್ತರ: ನಿಮ್ಮ ಪ್ರಶ್ನೆಗೆ ಆಮೇಲೆ ಬರುತ್ತೇನೆ. ಮೊದಲು ಅಣ್ಣನ ವಿಷಯ. ಓದುವುದನ್ನು ಇಲ್ಲಿಗೇ ನಿಲ್ಲಿಸಿ ಅವರಿಗೆ ಫೋನ್ ಮಾಡಿ. ಸ್ಟೆಂಟ್ ಹಾಕಿದ ಡಾಕ್ಟರ ಹತ್ತಿರ ಅವರು ಇವತ್ತೇ ಮಾತಾಡಲಿ. ಯಾವ ಮಾತ್ರೆ, ಎಷ್ಟು ದಿನದಿಂದ ಬಿಟ್ಟಿದ್ದಾರೆ ಅಂತ ಮುಚ್ಚಿಡದೆ ಹೇಳಲಿ. ಡಾಕ್ಟರು ಹೇಳಿದ ಹಾಗೆ ಮತ್ತೆ ಶುರು ಮಾಡಲಿ. ಸೋಮವಾರ ನೋಡೋಣ, ಕೊಯ್ಲು ಮುಗಿಯಲಿ ಅನ್ನುವುದು ಬೇಡ.

ಇಷ್ಟು ಅವಸರ ಯಾಕೆ ಅಂದರೆ, ಸ್ಟೆಂಟ್ ಎನ್ನುವುದು ರಕ್ತನಾಳದೊಳಗೆ ಕೂರಿಸಿದ ಲೋಹದ ಜಾಲರಿ. ಲೋಹ ತಾಗಿದ ಕಡೆ ರಕ್ತ ಹೆಪ್ಪುಗಟ್ಟಲು ನೋಡುತ್ತದೆ. ಆಸ್ಪಿರಿನ್ ಜೊತೆಗೆ ಕ್ಲೋಪಿಡೋಗ್ರೆಲ್ ಅಥವಾ ಟಿಕಾಗ್ರೆಲರ್ ಎಂಬ ಇನ್ನೊಂದು ಮಾತ್ರೆ ಕೊಡುವುದು ಅದನ್ನು ತಡೆಯುವುದಕ್ಕೇ. ಅಟ್ಯಾಕ್ ಆಗಿ ಸ್ಟೆಂಟ್ ಹಾಕಿಸಿಕೊಂಡವರಿಗೆ ಸಾಮಾನ್ಯವಾಗಿ ಒಂದು ವರ್ಷ ಈ ಎರಡೂ ಬೇಕು. ಆಮೇಲೂ ಒಂದಂತೂ ಮುಂದುವರಿಯುತ್ತದೆ. ನಡುವೆ ಬಿಟ್ಟರೆ ಸ್ಟೆಂಟ್ ಒಳಗೇ ರಕ್ತ ಹೆಪ್ಪುಗಟ್ಟಿ, ನಾಳ ಇದ್ದಕ್ಕಿದ್ದ ಹಾಗೆ ಮುಚ್ಚಿಹೋಗಬಹುದು. ಎದೆಬಡಿತ, ಬಿಪಿ ಇಳಿಸುವ ಮೆಟೊಪ್ರೊಲಾಲ್‌ನಂಥ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸುವುದೂ ಅಪಾಯವೇ. ಎದೆಬಡಿತ, ಬಿಪಿ ಎರಡೂ ಜಿಗಿಯುತ್ತವೆ. ಅಣ್ಣ ಆರಾಮಾಗಿರುವುದರಲ್ಲಿ ಆ ಎಂಟು ತಿಂಗಳ ಮಾತ್ರೆಗಳ ಪಾಲು ದೊಡ್ಡದು.

ಆದರೆ ಅವರ ವಾಕಿಂಗ್ ಬಿಡಿಸಬೇಡಿ. ಅದೂ ಮದ್ದೇ. ಅಟ್ಯಾಕ್ ಆಗಿ ಅಥವಾ ಅಟ್ಯಾಕ್‌ನ ಅಂಚಿಗೆ ಹೋಗಿ ಆಸ್ಪತ್ರೆ ಸೇರಿದ್ದ, 41 ದೇಶಗಳ 18 ಸಾವಿರಕ್ಕೂ ಹೆಚ್ಚು ಜನರನ್ನು ಗಮನಿಸಿದ ಒಂದು ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಅವರಲ್ಲಿ ಹೆಚ್ಚಿನವರು ಮಾತ್ರೆ ತೆಗೆದುಕೊಳ್ಳುತ್ತಿದ್ದರು. ಒಂದು ಕಡೆ ಸಿಗರೇಟು ಬಿಡದವರು, ಊಟ, ವ್ಯಾಯಾಮ ಯಾವುದನ್ನೂ ಬದಲಿಸದವರು. ಇನ್ನೊಂದು ಕಡೆ ಸಿಗರೇಟೇ ಸೇದದವರು, ಊಟ, ವ್ಯಾಯಾಮ ಎರಡನ್ನೂ ಸರಿ ಮಾಡಿಕೊಂಡವರು. ಆರು ತಿಂಗಳೊಳಗೆ ಮತ್ತೆ ಅಟ್ಯಾಕ್, ಸ್ಟ್ರೋಕ್ ಇಲ್ಲವೇ ಸಾವಿನ ಅಪಾಯ ಮೊದಲನೆಯವರಿಗೆ 3.8 ಪಟ್ಟು ಇತ್ತು. ಅಂದರೆ ಮಾತ್ರೆ ನುಂಗುವವರಲ್ಲೂ ನಡೆನುಡಿಯ ಅಂತರ ಅಷ್ಟು ದೊಡ್ಡದು. ಅಣ್ಣನಿಗೆ ಇದನ್ನೇ ಹೇಳಿ. ನೀನು ಹಿಡಿದದ್ದು ಸರಿ, ಬಿಟ್ಟದ್ದು ತಪ್ಪು.

ಈಗ ನಿಮ್ಮ ತಾತ.

ಇಂಥ ಒಬ್ಬ ತಾತ ಕೊಡಗಿನ ಹೆಚ್ಚುಕಡಿಮೆ ಪ್ರತಿ ಮನೆಯಲ್ಲೂ ಇದ್ದಾರೆ. ನಮ್ಮ ಮನೆಯಲ್ಲೂ ಇದ್ದರು. ಬಹಳ ಕಾಲ ಬದುಕಿದವರ ಕತೆ ಉಳಿಯುತ್ತದೆ. ಬೇಗ ಹೋದವರ ಕತೆಯನ್ನು ಯಾರೂ ಜಾಸ್ತಿ ಹೇಳುವುದಿಲ್ಲ, ಹೇಳಿದರೆ ನೋವಾಗುತ್ತದೆ. ನಿಮ್ಮ ಪತ್ರವನ್ನೇ ನೋಡಿ. ತಾತ ಏನು ತಿಂದರು, ಏನು ಕುಡಿದರು, ಎಲ್ಲಿಯವರೆಗೆ ತೋಟಕ್ಕೆ ಹೋದರು, ಎಲ್ಲ ಇದೆ. ಅಪ್ಪನ ಬಗ್ಗೆ ಒಂದೇ ಸಾಲು.

ನಮ್ಮ ಜಿಲ್ಲೆಯ ಇಬ್ಬರು ದೊಡ್ಡವರನ್ನು ನೆನೆಯೋಣ. ಫೀಲ್ಡ್ ಮಾರ್ಷಲ್ ಕಾರ್ಯಪ್ಪ 1899ರಲ್ಲಿ ಹುಟ್ಟಿ 1993ರಲ್ಲಿ ತೀರಿಕೊಂಡರು. 94 ವರ್ಷ. ಜನರಲ್ ತಿಮ್ಮಯ್ಯ 1906ರಲ್ಲಿ ಹುಟ್ಟಿದರು. ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಪಡೆಯನ್ನು ಮುನ್ನಡೆಸುತ್ತಿದ್ದಾಗ, 1965ರ ಡಿಸೆಂಬರ್‌ನಲ್ಲಿ ಹೃದಯಾಘಾತದಿಂದ ಹೋದರು. 59 ವರ್ಷ. ಒಂದೇ ನೆಲ, ಒಂದೇ ಸೈನ್ಯದ ಶಿಸ್ತು. ಕಾರ್ಯಪ್ಪನವರನ್ನು ಮಾತ್ರ ನೋಡಿದರೆ ಶಿಸ್ತೇ ಸಾಕು ಅನ್ನಿಸುತ್ತದೆ. ತಿಮ್ಮಯ್ಯನವರನ್ನು ಮಾತ್ರ ನೋಡಿದರೆ ಶಿಸ್ತಿನಿಂದ ಏನೂ ಆಗದು ಅನ್ನಿಸುತ್ತದೆ. ಒಬ್ಬರ ಆಯಸ್ಸನ್ನು ನೋಡಿ ಇನ್ನೊಬ್ಬರ ಆಯಸ್ಸನ್ನು ಅಳೆಯಲು ಆಗುವುದಿಲ್ಲ. ಇನ್ನೊಂದು ಮಾತು. 1965ರಲ್ಲಿ ಹೃದಯಾಘಾತವಾದವರಿಗೆ ಕೊಡಲು ಡಾಕ್ಟರ ಕೈಯಲ್ಲಿ ಇದ್ದುದೇ ಕಡಿಮೆ. ಬಲೂನ್ ಹಾಕಿ ಹೃದಯದ ರಕ್ತನಾಳ ಬಿಡಿಸುವುದು ಶುರುವಾದದ್ದು 1977ರಲ್ಲಿ. ಮೊದಲ ಸ್ಟಾಟಿನ್ ಮಾತ್ರೆ ಅಂಗಡಿಗೆ ಬಂದದ್ದು 1987ರಲ್ಲಿ.

ನಿಮಗೆ ತಾತನಿಗಿಂತ ಅಪ್ಪನ ವಯಸ್ಸು ಮುಖ್ಯ. 52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಎಂಬ ಅಧ್ಯಯನದಲ್ಲಿ ಭಾರತ ಮತ್ತು ಅಕ್ಕಪಕ್ಕದ ದೇಶದವರಿಗೆ ಮೊದಲ ಅಟ್ಯಾಕ್ ಆದ ಸರಾಸರಿ ವಯಸ್ಸು 53. ಉಳಿದ ಕಡೆ ಸುಮಾರು 59. ಅದೇ ಅಧ್ಯಯನ ಇನ್ನೊಂದನ್ನೂ ತೋರಿಸಿತು. ಸಿಗರೇಟು, ಕೊಲೆಸ್ಟ್ರಾಲ್, ಬಿಪಿ, ಶುಗರ್, ಹೊಟ್ಟೆಯ ಬೊಜ್ಜು, ಮನಸ್ಸಿನ ಒತ್ತಡ, ಹಣ್ಣು ತರಕಾರಿ, ಮದ್ಯ, ವ್ಯಾಯಾಮ, ಈ ಒಂಬತ್ತರಲ್ಲೇ ಅಪಾಯದ ಸುಮಾರು ಶೇ 90ರಷ್ಟು ಅಡಗಿದೆ. ರಕ್ತದಲ್ಲೇ ಬಂದದ್ದು, ಏನು ಮಾಡಲಿಕ್ಕಾಗುತ್ತೆ ಅಂತ ಕೈಚೆಲ್ಲಬೇಕಿಲ್ಲ. ವಂಶವಾಹಿಗಳ ಪರೀಕ್ಷೆಯಲ್ಲಿ ಹೆಚ್ಚು ಅಪಾಯ ಕಂಡವರಲ್ಲೂ, ಚೆನ್ನಾಗಿ ಬದುಕಿದವರಿಗೆ ಹೃದ್ರೋಗ ಸುಮಾರು ಅರ್ಧದಷ್ಟು ಕಡಿಮೆ ಎಂದು 2016ರಲ್ಲಿ ಒಂದು ದೊಡ್ಡ ಅಧ್ಯಯನ ತೋರಿಸಿದೆ.

ಆ ನಾಲ್ಕು ದಿನದ ಲೆಕ್ಕ ಎಲ್ಲಿಂದ ಬಂತು? ಅದು ಕಟ್ಟುಕತೆ ಅಲ್ಲ. 2015ರಲ್ಲಿ ಡೆನ್ಮಾರ್ಕಿನ ಸಂಶೋಧಕರು ಸ್ಟಾಟಿನ್‌ನ ಹನ್ನೊಂದು ಪ್ರಯೋಗಗಳನ್ನು ಒಟ್ಟಿಗೆ ನೋಡಿದರು. ಹೃದ್ರೋಗ ಇಲ್ಲದವರಲ್ಲಿ ಸಾವು ಮುಂದೆ ಹೋದದ್ದು ಸುಮಾರು ಮೂರು ದಿನ, ಇದ್ದವರಲ್ಲಿ ನಾಲ್ಕು ದಿನ ಅಂತ ಲೆಕ್ಕ ಹಾಕಿದರು. ಲೆಕ್ಕ ಸರಿ. ಅದನ್ನು ಓದುವ ರೀತಿ ತಪ್ಪು.

ತೋಟದ ಮಾತಿನಲ್ಲೇ ಹೇಳುತ್ತೇನೆ. ನೂರು ತೋಟಗಳಿವೆ. ಬೇಲಿ ಇಲ್ಲದಿದ್ದರೆ ಐದು ವರ್ಷದಲ್ಲಿ ಹನ್ನೆರಡು ತೋಟಕ್ಕೆ ಆನೆ ನುಗ್ಗುತ್ತದೆ. ಸೋಲಾರ್ ಬೇಲಿ ಹಾಕಿದರೆ ಎಂಟಕ್ಕೆ. ಉಳಿದ ನಾಲ್ಕು ತೋಟದ ಫಸಲನ್ನು ನೂರು ತೋಟಕ್ಕೆ ಹಂಚಿ ನೋಡಿದರೆ, ಒಂದೊಂದಕ್ಕೆ ಸಿಗುವುದು ಒಂದು ಬೊಗಸೆ ಮೆಣಸು. ಇಷ್ಟಕ್ಕೆ ಬೇಲಿ ಬೇಕಾ ಅಂತ ಯಾರಾದರೂ ಕೇಳಬಹುದು. ಆದರೆ ಆ ನಾಲ್ವರಿಗೆ ಉಳಿದದ್ದು ಬೊಗಸೆ ಅಲ್ಲ, ಇಡೀ ತೋಟ. 1994ರಲ್ಲಿ ಬಂದ ಉತ್ತರ ಯುರೋಪಿನ ಪ್ರಸಿದ್ಧ ಪ್ರಯೋಗದಲ್ಲಿ ಹೀಗೇ ಆಯಿತು. ಹೃದ್ರೋಗ ಇದ್ದ 4,444 ಜನ, ಐದು ವರ್ಷಕ್ಕೂ ಸ್ವಲ್ಪ ಹೆಚ್ಚು ಕಾಲ. ಹೋಲಿಕೆಗೆಂದು ಮದ್ದಿಲ್ಲದ ಬರೀ ಹಿಟ್ಟಿನ ಮಾತ್ರೆ ತೆಗೆದುಕೊಂಡವರಲ್ಲಿ ನೂರಕ್ಕೆ 11.5 ಜನ ತೀರಿಕೊಂಡರು. ಸಿಂವಾಸ್ಟಾಟಿನ್ ತೆಗೆದುಕೊಂಡವರಲ್ಲಿ 8.2. ಪ್ರಯೋಗ ಮುಗಿದ ದಿನ ಲೆಕ್ಕದ ಪುಸ್ತಕ ಮುಚ್ಚುತ್ತದೆ. ಉಳಿದುಕೊಂಡವರು ಆಮೇಲೆ ಎಷ್ಟು ವರ್ಷ ಬದುಕಿದರು ಎನ್ನುವುದು ಆ 'ನಾಲ್ಕು ದಿನ'ದಲ್ಲಿ ಸೇರಿಲ್ಲ.

ಹಾಗಂತ ಎದುರು ಪಕ್ಷದ ಲೆಕ್ಕವನ್ನೂ ಕಣ್ಣುಮುಚ್ಚಿ ನಂಬಬೇಡಿ. ಸಿಗರೇಟು ಬೇಡ, ಸರಿಯಾದ ಊಟ, ದಿನಾ ವ್ಯಾಯಾಮ, ಮಿತಿಯ ತೂಕ, ಮಿತಿಯ ಮದ್ಯ, ಈ ಐದೂ ಇದ್ದರೆ 50ನೇ ವಯಸ್ಸಿನ ನಂತರ ಗಂಡಸರು 12 ವರ್ಷ, ಹೆಂಗಸರು 14 ವರ್ಷ ಹೆಚ್ಚು ಬದುಕುತ್ತಾರೆ ಅಂತ ಅಮೆರಿಕದಿಂದ 2018ರಲ್ಲಿ ವರದಿ ಬಂತು. ಅದು ಐದೂ ಇರುವವರನ್ನು ಒಂದೂ ಇಲ್ಲದವರ ಪಕ್ಕ ಇಟ್ಟು ನೋಡಿದ್ದು. ಅಂಥ ಇಬ್ಬರ ನಡುವೆ ಬೇರೆ ವ್ಯತ್ಯಾಸಗಳೂ ಇರುತ್ತವೆ. ಮಾತ್ರೆಯ ಲಾಭವನ್ನು ನೂರು ಜನಕ್ಕೆ ಹಂಚಿ ಸಣ್ಣದು ಮಾಡುವುದು, ಬದುಕಿನ ರೀತಿಯ ಲಾಭವನ್ನು ಎರಡು ತುದಿ ಹಿಡಿದು ದೊಡ್ಡದು ಮಾಡುವುದು, ಆಮೇಲೆ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು. ವಾಟ್ಸ್‌ಆ್ಯಪ್‌ನಲ್ಲಿ ಆಗುತ್ತಿರುವುದು ಇದೇ.

ಒಂದೇ ತಕ್ಕಡಿಯಲ್ಲಿ ನ್ಯಾಯವಾಗಿ ತೂಗಿದ ಲೆಕ್ಕವೂ ಒಂದಿದೆ. 1980ರಿಂದ 2000ದ ನಡುವೆ ಅಮೆರಿಕದಲ್ಲಿ ಹೃದಯದ ರಕ್ತನಾಳದ ಕಾಯಿಲೆಯ ಸಾವಿನ ಪ್ರಮಾಣ ಸುಮಾರು ಅರ್ಧಕ್ಕೆ ಇಳಿಯಿತು. ಯಾವುದರಿಂದ ಎಷ್ಟು ಅಂತ ಬಿಡಿಸಿ ನೋಡಿದಾಗ, ಸುಮಾರು ಶೇ 47 ಚಿಕಿತ್ಸೆಯಿಂದ, ಶೇ 44 ಜನರಲ್ಲಿ ಸಿಗರೇಟು, ಕೊಲೆಸ್ಟ್ರಾಲ್, ಬಿಪಿ ಇಳಿದದ್ದರಿಂದ, ಓಡಾಟ ಹೆಚ್ಚಿದ್ದರಿಂದ. ಹೆಚ್ಚುಕಡಿಮೆ ಸಮಪಾಲು. ಬೊಜ್ಜು ಮತ್ತು ಸಕ್ಕರೆ ಕಾಯಿಲೆ ಏರದೆ ಇದ್ದಿದ್ದರೆ ಎರಡನೇ ಪಾಲು ಇನ್ನೂ ದೊಡ್ಡದಾಗುತ್ತಿತ್ತು.

ಇವೆರಡೂ ಮಾಡುವ ಕೆಲಸ ಬೇರೆ ಬೇರೆ. ಅದು ಅರ್ಥವಾದರೆ 'ಇದೋ ಅದೋ' ಎಂಬ ಜಗಳವೇ ಉಳಿಯುವುದಿಲ್ಲ. ರಕ್ತನಾಳ ಅಂದರೆ ಕಸ ಕಟ್ಟಿಕೊಂಡ ಪೈಪು ಅಂತ ಹೆಚ್ಚಿನವರು ಅಂದುಕೊಂಡಿದ್ದಾರೆ. ಹಾಗಲ್ಲ. ಕೊಬ್ಬು ಸೇರುವುದು ನಾಳದ ಗೋಡೆಯ ಒಳಗೆ. ಮೇಲೆ ತೆಳ್ಳನೆಯ ಪದರ ಇರುತ್ತದೆ. ಆ ಪದರ ಒಡೆದ ಕ್ಷಣ ಅಲ್ಲಿ ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚುತ್ತದೆ. ಕೊಡಗಿನಲ್ಲಿ ಗುಡ್ಡಗಳು ಕುಸಿದ 2018ರ ಆಗಸ್ಟ್ ನಮಗೆ ಯಾರಿಗೂ ಮರೆತಿಲ್ಲ. ಗುಡ್ಡಗಳು ಹಿಂದಿನ ದಿನ ಹಸಿರಾಗಿಯೇ ನಿಂತಿದ್ದವು. ಒಳಗೆ ನೀರು ಇಂಗುತ್ತಲೇ ಇತ್ತು. ಕೆಳಗಿನ ಮಣ್ಣನ್ನು ಮೊದಲೇ ಕಡಿದಿದ್ದರು. ಆಮೇಲೆ ಕೆಲವೇ ನಿಮಿಷ. ಹೃದಯಾಘಾತವೂ ಹಾಗೇ. ಶೇ 40ರಷ್ಟು ಮಾತ್ರ ಬ್ಲಾಕ್ ಇದ್ದ ಜಾಗವೂ ಒಡೆಯಬಹುದು, ಆವರೆಗೆ ಎದೆಯಲ್ಲಿ ಏನೂ ಗೊತ್ತಾಗದೆ ಇರಬಹುದು. ನೀರು ಇಂಗದಂತೆ ಚರಂಡಿ ಮಾಡುವುದು, ಮಣ್ಣು ಕಡಿಯದಿರುವುದು, ಮರ ಉಳಿಸುವುದು, ಅದು ಬದುಕಿನ ರೀತಿ. ಈಗಾಗಲೇ ಬಿರುಕು ಬಿಟ್ಟ ಗುಡ್ಡಕ್ಕೆ ತಡೆಗೋಡೆ ಕಟ್ಟುವುದು ಮಾತ್ರೆ. ಸ್ಟಾಟಿನ್ ಗೋಡೆಯೊಳಗಿನ ಕೊಬ್ಬನ್ನು ಇಳಿಸಿ ಮೇಲಿನ ಪದರವನ್ನು ಗಟ್ಟಿ ಮಾಡುತ್ತದೆ. ಅಣ್ಣನ ಗುಡ್ಡ ಒಮ್ಮೆ ಜಾರಿದೆ. ಅವರಿಗೆ ತಡೆಗೋಡೆ ಬೇಕೇ ಬೇಕು. ನಿಮ್ಮದು ಜಾರಿಲ್ಲ, ಆದರೆ ಬಿರುಕು ಇದೆಯಾ ಎನ್ನುವುದೇ ಪ್ರಶ್ನೆ.

ನಿಮ್ಮ ಮೂರು ಅಂಕಿಗಳು ಒಂದೇ ಥರ ಮಾತು ಕೇಳುವುದಿಲ್ಲ.

ಶುಗರ್ ಚೆನ್ನಾಗಿ ಕೇಳುತ್ತದೆ. 114 ಅಂದರೆ ಸಕ್ಕರೆ ಕಾಯಿಲೆಯ ಹೊಸ್ತಿಲು. ಇಂಥವರ ಮೇಲೆ ಅಮೆರಿಕದಲ್ಲಿ ನಡೆದ, 2002ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ತೂಕ ಇಳಿಸಿ ವಾರಕ್ಕೆ 150 ನಿಮಿಷ ನಡೆದವರಲ್ಲಿ ಕಾಯಿಲೆ ಶೇ 58ರಷ್ಟು ಕಡಿಮೆಯಾಯಿತು. ಮೆಟ್‌ಫಾರ್ಮಿನ್ ಮಾತ್ರೆ ತೆಗೆದುಕೊಂಡವರಲ್ಲಿ ಶೇ 31. ಮಾತ್ರೆಯನ್ನು ನಡಿಗೆ ಸೋಲಿಸಿತು. ಚೆನ್ನೈಯ ತಂಡವೊಂದು ನಮ್ಮವರ ಮೇಲೆ ಇದನ್ನೇ ಮಾಡಿ 2006ರಲ್ಲಿ ಪ್ರಕಟಿಸಿತು. ನಡಿಗೆ ಮತ್ತು ಊಟದಿಂದ ಶೇ 28.5, ಮಾತ್ರೆಯಿಂದ ಶೇ 26.4. ಸಮ ಸಮ. ನಿಮಗೆ ಸದ್ಯಕ್ಕೆ ಶುಗರ್ ಮಾತ್ರೆ ಬರೆದಿಲ್ಲ, ಅದು ಸರಿಯಾಗಿಯೇ ಇದೆ. ಆದರೆ ಕಾಯಿಲೆ ಪೂರ್ತಿ ಬಂದು ಕೂತ ಮೇಲೆ ಇದೇ ದಾರಿ ಅಷ್ಟು ಫಲ ಕೊಡುವುದಿಲ್ಲ. ಸಕ್ಕರೆ ಕಾಯಿಲೆ ಇದ್ದ ಐದು ಸಾವಿರಕ್ಕೂ ಹೆಚ್ಚು ಜನರಿಗೆ ವರ್ಷಗಟ್ಟಲೆ ತೂಕ ಇಳಿಸಲು ನೆರವಾದ ಅಮೆರಿಕದ ಇನ್ನೊಂದು ಪ್ರಯೋಗದಲ್ಲಿ ಹೃದಯಾಘಾತ, ಸ್ಟ್ರೋಕ್ ಕಡಿಮೆಯಾಗಲಿಲ್ಲ. ಆದ್ದರಿಂದ ನಿಮ್ಮ ಸಮಯ ಈಗ.

ಬಿಪಿ ಅರ್ಧ ಮಾತು ಕೇಳುತ್ತದೆ. ಒಂದು ಕೆ.ಜಿ. ಇಳಿದರೆ ಬಿಪಿ ಸುಮಾರು ಒಂದು ಅಂಕಿ ಇಳಿಯುತ್ತದೆ. ಉಪ್ಪು ಕಡಿಮೆ ಮಾಡಿದರೆ ಐದಾರು, ನಿಯಮಿತ ನಡಿಗೆಯಿಂದ ಐದರ ಹತ್ತಿರ. ಎಲ್ಲವನ್ನೂ ಕೂಡಿಸಿ ಹೇಳಲು ಆಗುವುದಿಲ್ಲ, ಆದರೆ 148 ಇದ್ದದ್ದು 135ರ ಆಸುಪಾಸಿಗೆ ಬಂದವರನ್ನು ನಾನೇ ನೋಡಿದ್ದೇನೆ. ಮೊದಲು ಒಂದು ಕೆಲಸ ಮಾಡಿ. ತೋಳಿಗೆ ಕಟ್ಟುವ ಬಿಪಿ ಯಂತ್ರ ತಗೊಳ್ಳಿ. ಏಳು ದಿನ, ಬೆಳಗ್ಗೆ ಸಂಜೆ, ಐದು ನಿಮಿಷ ಸುಮ್ನೆ ಕೂತು, ಎರಡೆರಡು ಸಲ ನೋಡಿ ಬರೆದಿಡಿ. ಕಾಫಿ ಕುಡಿದ ಕೂಡಲೇ ಬೇಡ. ಸರಾಸರಿ 135/85ಕ್ಕಿಂತ ಮೇಲಿದ್ದರೆ ಬಿಪಿ ನಿಜವಾಗಿಯೂ ಇದೆ ಎಂದರ್ಥ. ಆಗ ಬಿಪಿ ಮಾತ್ರೆ ಶುರು ಮಾಡಿ, ಜೊತೆಗೇ ತೂಕ ಇಳಿಸಿ. ಆರು ಕೆ.ಜಿ. ಇಳಿದು ಅಂಕಿ ಕೆಳಗೆ ನಿಂತರೆ ಡಾಕ್ಟರೇ ಮಾತ್ರೆ ಕಡಿಮೆ ಮಾಡುತ್ತಾರೆ, ಕೆಲವರಿಗೆ ನಿಲ್ಲಿಸುತ್ತಾರೆ. ಶುರು ಮಾಡಿದರೆ ಬಿಡುವ ಹಾಗಿಲ್ಲ ಎನ್ನುವುದು ಹೆಂಡದ ಚಟಕ್ಕೆ ಹೇಳುವ ಮಾತು. ಇದು ಕನ್ನಡಕದ ಹಾಗೆ. ಅಗತ್ಯ ಇರುವಷ್ಟು ಕಾಲ ಹಾಕಿಕೊಳ್ಳುವುದು. ನಾನೂ ಆರು ವರ್ಷದಿಂದ ಒಂದು ಬಿಪಿ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ.

ಎಲ್‌ಡಿಎಲ್ ಹಟಮಾರಿ. ಅದರ ಹೆಚ್ಚಿನ ಭಾಗವನ್ನು ನಮ್ಮ ಲಿವರೇ ತಯಾರಿಸುತ್ತದೆ, ವಂಶದ ಪಾತ್ರ ದೊಡ್ಡದು. ಊಟ ಚೆನ್ನಾಗಿ ಬದಲಿಸಿದರೆ ಸಾಮಾನ್ಯವಾಗಿ ಶೇ 10ರಿಂದ 15 ಇಳಿಯುತ್ತದೆ. ನಿಮ್ಮ 158 ಆಗ 135–140ಕ್ಕೆ ಬಂದೀತು. ಅಪ್ಪನ ಕತೆ, ಬಿಪಿ, ಶುಗರ್, ಸೊಂಟ ಎಲ್ಲ ಸೇರಿಸಿದರೆ ನಿಮಗೆ ಅದು 100ರ ಒಳಗೆ ಇರಬೇಕು. ಸಾಧಾರಣ ಪ್ರಮಾಣದ ಸ್ಟಾಟಿನ್ ಶೇ 30ರಿಂದ 45ರಷ್ಟು ಇಳಿಸುತ್ತದೆ. ಎಲ್‌ಡಿಎಲ್ ಸುಮಾರು 39 ಅಂಕಿ ಇಳಿದರೆ ಹೃದಯಾಘಾತ, ಸ್ಟ್ರೋಕ್‌ನಂಥವು ಐದರಲ್ಲಿ ಒಂದು ಪಾಲು ಕಡಿಮೆಯಾಗುತ್ತವೆ ಎಂಬುದು ಹಲವು ಪ್ರಯೋಗಗಳಿಂದ ಗಟ್ಟಿಯಾದ ಲೆಕ್ಕ. ಆದ್ದರಿಂದ ನನ್ನ ಒಲವು ಮಾತ್ರೆಯ ಕಡೆಗೇ. ಮೂರು ತಿಂಗಳು ಊಟ, ನಡಿಗೆ ಸರಿ ಮಾಡಿ ಮತ್ತೆ ಪರೀಕ್ಷೆ ಮಾಡಿಸುತ್ತೇನೆ ಅಂದರೆ ನಾನು ಬೇಡ ಅನ್ನುವುದಿಲ್ಲ, ನಿಮ್ಮ ಡಾಕ್ಟರೂ ಒಪ್ಪಬಹುದು. ಮೂರು ತಿಂಗಳು ಅಂದರೆ ಮೂರೇ ತಿಂಗಳು. ಪುತ್ತರಿ ಹಬ್ಬ ಕಳೆಯಲಿ, ಮದುವೆ ಸೀಸನ್ ಕಳೆಯಲಿ ಅಂತ ಎಳೆಯಬೇಡಿ.

ಸ್ಟಾಟಿನ್‌ನಿಂದ ಮೈಕೈ ನೋವು ಅಂತ ಬಹಳ ಜನ ಹೆದರುತ್ತಾರೆ. ಇಂಗ್ಲೆಂಡಿನಲ್ಲಿ, ತೊಂದರೆ ಆಯಿತು ಅಂತ ಸ್ಟಾಟಿನ್ ಬಿಟ್ಟಿದ್ದ 60 ಜನರಿಗೆ ಒಂದು ತಿಂಗಳು ಸ್ಟಾಟಿನ್, ಒಂದು ತಿಂಗಳು ಬರೀ ಹಿಟ್ಟಿನ ಮಾತ್ರೆ, ಒಂದು ತಿಂಗಳು ಏನೂ ಇಲ್ಲ, ಹೀಗೆ ಅದಲುಬದಲು ಮಾಡಿ ಒಂದು ವರ್ಷ ನೋಡಿದರು. ಸ್ಟಾಟಿನ್ ತಿಂಗಳಲ್ಲಿ ಕಂಡ ತೊಂದರೆಯ ಶೇ 90ರಷ್ಟು ಹಿಟ್ಟಿನ ಮಾತ್ರೆಯಲ್ಲೂ ಕಂಡಿತು. ನೋವು ಸುಳ್ಳಲ್ಲ. ಅದರ ಕಾರಣ ಹೆಚ್ಚಾಗಿ ಮಾತ್ರೆಯ ಒಳಗಿನ ಮದ್ದು ಅಲ್ಲ. ಕೆಲವೇ ಕೆಲವರಿಗೆ ನಿಜವಾಗಿಯೂ ಸ್ನಾಯುವಿಗೆ ತೊಂದರೆ ಆಗುತ್ತದೆ. ಮೂತ್ರ ಕಪ್ಪಾದರೆ, ಏಳಲಾರದಷ್ಟು ನೋವಾದರೆ ನಿಲ್ಲಿಸಿ ತಕ್ಷಣ ತೋರಿಸಿ. ಶುಗರನ್ನು ಒಂಚೂರು ಏರಿಸುವ ಗುಣವೂ ಸ್ಟಾಟಿನ್‌ಗೆ ಇದೆ. ಹೊಸ್ತಿಲಲ್ಲಿರುವ ನಿಮಗೆ ಅದು ಗೊತ್ತಿರಬೇಕು. ಆದರೂ ಹೃದಯಕ್ಕೆ ಆಗುವ ಲಾಭ ಅದಕ್ಕಿಂತ ಬಹಳ ದೊಡ್ಡದು. ಹಿತ್ತಲಲ್ಲಿ ಚಕ್ಕೋತ ಇದ್ದರೆ ಡಾಕ್ಟರಿಗೆ ಹೇಳಿ. ಕೆಲವು ಸ್ಟಾಟಿನ್‌ಗಳನ್ನು ಅದು ರಕ್ತದಲ್ಲಿ ಹೆಚ್ಚಿಸಬಹುದು. ನಮ್ಮ ಕೊಡಗಿನ ಕಿತ್ತಳೆಗೆ ಆ ತೊಂದರೆ ಇಲ್ಲ.

'ದಿನಾ ತೋಟ ಸುತ್ತುತ್ತೇನೆ' ಅಂದಿರಿ. ಈ ಮಾತನ್ನು ತೋಟದವರೆಲ್ಲ ಹೇಳುತ್ತಾರೆ. ಒಂದು ದಿನ ಗಮನಿಸಿ ನೋಡಿ. ಜೀಪಿನಲ್ಲಿ ಇಳಿಯುತ್ತೀರಿ, ಹತ್ತು ಹೆಜ್ಜೆ ನಡೆದು ಗಿಡ ನೋಡುತ್ತೀರಿ, ಮೇಸ್ತ್ರಿ ಹತ್ತಿರ ಮಾತಾಡುತ್ತೀರಿ, ಮತ್ತೆ ಹತ್ತು ಹೆಜ್ಜೆ. ಎರಡು ಗಂಟೆ ತೋಟದಲ್ಲಿ ಇದ್ದಿರಿ, ಬೆವರು ಬಂದದ್ದು ಎಷ್ಟು ಹೊತ್ತು? ಗಿಡದ ನಡುವೆ ಬುಟ್ಟಿ ಹೊತ್ತು ಕೊಯ್ಯುವವರಿಗೆ ಅದು ವ್ಯಾಯಾಮ. ನಿಮಗೆ ಅದು ಓಡಾಟ. ಹೃದಯಕ್ಕೆ ಬೇಕಾದದ್ದು ಮಾತಾಡಲು ಆಗಬೇಕು, ಹಾಡಲು ಆಗಬಾರದು ಅನ್ನುವಷ್ಟು ಬಿರುಸಿನ ನಡಿಗೆ. ದಿನಕ್ಕೆ 30 ನಿಮಿಷ, ವಾರಕ್ಕೆ ಐದು ದಿನ. ನಿಮ್ಮಲ್ಲಿ ಏರು ಇದೆ, ಅದನ್ನು ಬಳಸಿ. ಬೆಳಗ್ಗೆ ಐದಕ್ಕೇ ಎದ್ದು ಹೋಗಿ ಅಂತ ಮಾತ್ರ ನಾನು ಯಾರಿಗೂ ಹೇಳುವುದಿಲ್ಲ. ಮಂಜಿನಲ್ಲಿ ಆನೆ ಎದುರಾದರೆ ಕೊಲೆಸ್ಟ್ರಾಲ್ ಲೆಕ್ಕಕ್ಕೇ ಬರುವುದಿಲ್ಲ. ಬಿಸಿಲು ಬಂದ ಮೇಲೆ, ಜನ ಓಡಾಡುವ ರಸ್ತೆಯಲ್ಲಿ ನಡೆಯಿರಿ. ಮಳೆಗಾಲದ ಮೂರು ತಿಂಗಳು ಕೊಡಗಿನಲ್ಲಿ ಎಲ್ಲರ ವಾಕಿಂಗೂ ನಿಂತುಹೋಗುತ್ತದೆ, ತೂಕ ಏರುವುದೂ ಆಗಲೇ. ಆಗ ಮನೆಯ ಮೆಟ್ಟಿಲು, ಜಗಲಿ ಬಳಸಿ. ಹದಿನೈದು ನಿಮಿಷ ಮೆಟ್ಟಿಲು ಹತ್ತಿ ಇಳಿದರೂ ಬೆವರು ಬರುತ್ತದೆ. ಮಂಡಿ ನೋವಿದ್ದರೆ ಕುರ್ಚಿಯಿಂದ ಎದ್ದು ಕೂರುವುದನ್ನೇ ನಿಧಾನವಾಗಿ ಮಾಡಿ.

ಪಂದಿ ಕರಿ ಬಿಡಿ ಅಂತ ನಾನು ಹೇಳಿದರೆ ನೀವು ನನ್ನ ಮಾತನ್ನೇ ಬಿಡುತ್ತೀರಿ. ಹಬ್ಬಕ್ಕೆ, ಮದುವೆಗೆ ತಿನ್ನಿ. ವಾರ ವಾರ ಫ್ರಿಜ್ಜಿನಲ್ಲಿ ಇರುವುದು ಬೇಡ. ಕೊಬ್ಬು ಕಡಿಮೆ ಇರುವ ತುಂಡು ಆರಿಸಿ, ಮೇಲೆ ತೇಲುವ ಕೊಬ್ಬನ್ನು ತೆಗೆಯಿರಿ. ನಿಮ್ಮ ಶುಗರ್‌ಗೆ ಮಾಂಸಕ್ಕಿಂತ ಜೊತೆಗೆ ಬರುವ ಕಡಂಬುಟ್ಟಿನ ಲೆಕ್ಕ ಮುಖ್ಯ. ಕಡಂಬುಟ್ಟು, ನೂಪುಟ್ಟು, ಪಾಪುಟ್ಟು, ಅಕ್ಕಿ ರೊಟ್ಟಿ, ಎಲ್ಲವೂ ಅಕ್ಕಿಯೇ. ಬೆಳಗ್ಗೆ ರೊಟ್ಟಿ, ಮಧ್ಯಾಹ್ನ ಅನ್ನ, ರಾತ್ರಿ ಪುಟ್ಟು ಅಂದರೆ ಮೂರು ಹೊತ್ತೂ ಅಕ್ಕಿ. ಒಂದು ಹೊತ್ತು ರಾಗಿ ಅಥವಾ ಕಾಳು ತನ್ನಿ, ತಟ್ಟೆಯ ಅರ್ಧ ತರಕಾರಿ, ಸೊಪ್ಪು ಇರಲಿ. ಉಪ್ಪು ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚ ಸಾಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮಳೆಗಾಲಕ್ಕೆ ಮಾಡಿಟ್ಟ ಉಪ್ಪಿನಕಾಯಿ, ಒಣಮೀನು ಇವೆರಡರಲ್ಲೇ ಅಷ್ಟು ಆಗಿಹೋಗುತ್ತದೆ.

ಕಾಚಂಪುಳಿ ಕೊಬ್ಬು ಕರಗಿಸುತ್ತದೆ ಎಂಬ ಮಾತು ನಾನೂ ಚಿಕ್ಕಂದಿನಿಂದ ಕೇಳಿದ್ದೇನೆ. ಹುಳಿಗೆ, ರುಚಿಗೆ, ಮಾಂಸ ಕೆಡದಿರುವುದಕ್ಕೆ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ. ಆದರೆ ಅದು ರಕ್ತನಾಳದ ಕೊಬ್ಬನ್ನು ಕರಗಿಸಿದ್ದಕ್ಕೆ ಆಧಾರ ಇಲ್ಲ. ಅದೇ ಜಾತಿಯ ಹಣ್ಣಿನ ಸಾರವನ್ನು ತೂಕ ಇಳಿಸುವ ಕ್ಯಾಪ್ಸೂಲ್ ಮಾಡಿ ಮಾರುತ್ತಾರೆ. ಅದನ್ನು ತಿಂದು ಲಿವರ್ ಕೆಟ್ಟವರಿದ್ದಾರೆ. ಅಡುಗೆಯಲ್ಲಿ ಇರಲಿ, ಡಬ್ಬಿಯಲ್ಲಿ ಬೇಡ. ಮದ್ದು ಸೊಪ್ಪಿನ ಮೇಲೆ ನನಗೆ ಪ್ರೀತಿ ಇದೆ. ಕಕ್ಕಡ ತಿಂಗಳ ಹದಿನೆಂಟರಂದು ನಮ್ಮ ಮನೆಯಲ್ಲೂ ಅದರ ಪಾಯಸ ಆಗುತ್ತದೆ. ವರ್ಷಕ್ಕೊಮ್ಮೆ ತಿನ್ನುವ ಆ ಸೊಪ್ಪನ್ನು ದಿನಾ ತಿನ್ನುವ ಬಿಪಿ ಮಾತ್ರೆಯ ಜಾಗದಲ್ಲಿ ಇಡಬೇಡಿ. ಬೆಳ್ಳುಳ್ಳಿ, ಶುಂಠಿ, ನಿಂಬೆ, ಜೇನು ಸೇರಿಸಿ ಕಾಯಿಸಿದ ರಸ ಬ್ಲಾಕ್ ತೆಗೆಯುತ್ತದೆ ಅಂತ ಬರುವ ಸಂದೇಶಕ್ಕೂ ಇದೇ ಉತ್ತರ.

ಪಾರ್ಟಿಯ ಸಿಗರೇಟನ್ನು ನೀವು ಲೆಕ್ಕಕ್ಕೇ ಹಿಡಿದಿಲ್ಲ. ನಾನು ಹಿಡಿಯುತ್ತೇನೆ. ದಿನಕ್ಕೆ ಒಂದೇ ಸೇದುವವರಿಗೂ, ಇಪ್ಪತ್ತು ಸೇದುವವರಿಗೆ ಇರುವ ಹೆಚ್ಚುವರಿ ಹೃದ್ರೋಗದ ಅಪಾಯದಲ್ಲಿ ಸುಮಾರು ಅರ್ಧ ಇದೆ. ಇಲ್ಲಿ ಕಡಿಮೆ ಮಾಡುವುದು ಅಂತ ಇಲ್ಲ, ನಿಲ್ಲಿಸುವುದು ಮಾತ್ರ. ಪೆಗ್ ಹೃದಯಕ್ಕೆ ಒಳ್ಳೆಯದು ಎಂಬ ಹಳೆಯ ನಂಬಿಕೆಯೂ ಈಗ ನಿಂತಿಲ್ಲ. ಅದು ಬಿಪಿ ಏರಿಸುತ್ತದೆ, ಎದೆಬಡಿತದ ತಾಳ ತಪ್ಪಿಸುತ್ತದೆ.

ಕಾಫಿ ಬಿಡಬೇಕಿಲ್ಲ. ದಿನಕ್ಕೆ ಎರಡು ಮೂರು ಲೋಟ ಹೃದಯಕ್ಕೆ ಕೆಡುಕು ಮಾಡುವುದಿಲ್ಲ. ಮಾಡುವ ವಿಧಾನ ಮಾತ್ರ ನೋಡಿಕೊಳ್ಳಿ. ಕಾಫಿಯ ಎಣ್ಣೆಯಲ್ಲಿ ಕೆಫೆಸ್ಟಾಲ್ ಎಂಬ ವಸ್ತು ಇದೆ, ಅದು ಎಲ್‌ಡಿಎಲ್ ಏರಿಸುತ್ತದೆ. ಪುಡಿ ಹಾಕಿ ಕುದಿಸಿದ ಕಾಫಿಯಲ್ಲಿ ಅದು ಜಾಸ್ತಿ, ನಮ್ಮ ಸ್ಟೀಲ್ ಫಿಲ್ಟರ್‌ನಿಂದಲೂ ಸ್ವಲ್ಪ ಇಳಿದು ಬರುತ್ತದೆ. ಕಾಗದದ ಫಿಲ್ಟರ್ ಅದನ್ನು ಬಹುಪಾಲು ಹಿಡಿದುಕೊಳ್ಳುತ್ತದೆ. ಕುದಿಸಿ ಕುಡಿಯುತ್ತಿದ್ದ ಫಿನ್ಲೆಂಡಿನವರು ಫಿಲ್ಟರ್ ಕಾಫಿಗೆ ಬದಲಾದದ್ದೂ ಅಲ್ಲಿ ಕೊಲೆಸ್ಟ್ರಾಲ್ ಇಳಿಯಲು ಒಂದು ಕಾರಣ. ನೀವು ದಿನಕ್ಕೆ ಐದಾರು ಲೋಟ ಕುದಿಸಿದ ಬೆಲ್ಲದ ಕಾಫಿ ಕುಡಿಯುವವರಾದರೆ ಈ ಮೂರು ತಿಂಗಳು ಕಾಗದದ ಫಿಲ್ಟರ್ ಬಳಸಿ ನೋಡಿ. ಬೆಲ್ಲವನ್ನು ಮಾತ್ರ ಈಗಲೇ ಬಿಡಿ. ಶುಗರ್‌ಗೆ ಬೆಲ್ಲವೂ ಸಕ್ಕರೆಯೇ.

ಕೊನೆಗೆ, ನೀವು ಕೇಳದ ಒಂದು ವಿಷಯ. ನಿಮ್ಮ ಮನೆಯಲ್ಲಿ ಇಬ್ಬರಿಗೆ ಅಪಾಯ ಇದೆ, ತೋಟ ಒಳಗೆ ಇದೆ. ರಾತ್ರಿ ಎದೆ ಹಿಂಡಿದ ಹಾಗಾದರೆ, ಎಡಗೈಗೋ ದವಡೆಗೋ ನೋವು ಹರಿದರೆ, ಸುಮ್ಮನೆ ಬೆವರು ಸುರಿದರೆ ಗ್ಯಾಸ್ ಅಂತ ಕಾಯಬೇಡಿ. 108ಕ್ಕೆ ಫೋನ್ ಮಾಡಿ. ಆಸ್ಪಿರಿನ್ ಅಲರ್ಜಿ, ರಕ್ತಸ್ರಾವದ ತೊಂದರೆ ಇಲ್ಲದವರಾದರೆ 300 ಮಿ.ಗ್ರಾಂ. ಆಸ್ಪಿರಿನ್ ಅಗಿದು ನುಂಗಿ. ನೇರ ಮೈಸೂರಿಗೆ ಕಾರು ಓಡಿಸಬೇಡಿ. ಮಡಿಕೇರಿಯಿಂದಲೇ ಅದು ಸುಮಾರು 120 ಕಿ.ಮೀ. ಮೊದಲು ಹತ್ತಿರದ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯಲ್ಲಿ ಇಸಿಜಿ ಆಗಬೇಕು. ರಾಜ್ಯ ಸರ್ಕಾರದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಹೆಪ್ಪುಗಟ್ಟಿದ ರಕ್ತ ಕರಗಿಸುವ ಟೆನೆಕ್ಟಿಪ್ಲೇಸ್ ಇಂಜೆಕ್ಷನ್ ತಾಲ್ಲೂಕು ಮಟ್ಟದಲ್ಲೇ ಉಚಿತವಾಗಿ ಸಿಗುತ್ತದೆ. ಬೇಗ ಕೊಟ್ಟಷ್ಟೂ ಹೃದಯದ ಸ್ನಾಯು ಉಳಿಯುತ್ತದೆ. ನಿಮ್ಮ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಅದು ಇದೆ ಅಂತ ಈ ವಾರವೇ ಹೋಗಿ ವಿಚಾರಿಸಿ, ಫೋನ್ ನಂಬರ್ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿ. ತೋಟದ ಗೇಟಿಗೆ ರಾತ್ರಿ ಬೀಗ ಹಾಕುತ್ತೀರಲ್ಲ, ಅದರ ಕೀಲಿ ಎಲ್ಲಿದೆ ಅಂತ ಮನೆಯಲ್ಲಿ ಎಲ್ಲರಿಗೂ ಗೊತ್ತಿರಲಿ.